ಚಿಲಕವಿಲ್ಲದ ಬಾಗಿಲು

ಆ ಮನೆಯಲ್ಲಿ ಈಗ ಲೋಟ ಕೆಳಗಿಡುವಾಗಲೂ ಯಾರೂ ಸದ್ದು ಮಾಡುತ್ತಿರಲಿಲ್ಲ. ಸದ್ದಾದರೆ ಅವನು ಬೆಚ್ಚಿಬೀಳುತ್ತಿದ್ದ. ಅವನು ಬೆಚ್ಚಿದರೆ ಉಳಿದವರೂ ಬೆಚ್ಚುತ್ತಿದ್ದರು. ಊಟದ ಮೇಜಿನ ಮೇಲೆ ನಾಲ್ಕು ತಟ್ಟೆ ಇಡುತ್ತಿದ್ದರು, ಮೂರರಲ್ಲಿ ಉಣ್ಣುತ್ತಿದ್ದರು. ನಾಲ್ಕನೆಯ ತಟ್ಟೆಯವನು ಅಡುಗೆಮನೆಯ ಸಿಂಕಿನ ಮುಂದೆ ನಿಂತೇ ಬೆಳಗಿನ ತಣ್ಣನೆಯ ಅನ್ನವನ್ನು ಉಪ್ಪಿಲ್ಲದೆ ನುಂಗುತ್ತಿದ್ದ. ನುಂಗಿದ ಮೇಲೆ ಗ್ಯಾಸಿನ ಗುಬುಟು ಮುಟ್ಟಿ ನೋಡುವುದು, ನಲ್ಲಿ ಮುಟ್ಟಿ ನೋಡುವುದು, ಮತ್ತೆ ಗ್ಯಾಸಿನ ಗುಬುಟಿಗೆ ಬರುವುದು.

"ಬಾರೋ, ಕೂತು ತಿನ್ನು," ಎಂದಳು ಅವನ ತಾಯಿ.

"ನನಗಿಷ್ಟೇ ಸಾಕಮ್ಮ."

"ಅವಳ ಕಾಲು ಮುರಿದ್ರೆ ನಿನ್ನ ಹೊಟ್ಟೆಗೆ ಯಾಕೋ ಶಿಕ್ಷೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

ಮೊದಲಾಗಿದ್ದರೆ ಅವನು, "ಹಾಗಾದ್ರೆ ಎಮ್ಮೆ ನಾನಾ?" ಎಂದು ಕೇಳುತ್ತಿದ್ದ. ಮಗಳು ಬಾಯಲ್ಲಿದ್ದ ಅನ್ನ ಸಿಡಿಯುವಂತೆ ನಗುತ್ತಿದ್ದಳು. ಈಗ ಅವನು ಮತ್ತೆ ನಲ್ಲಿ ಮುಟ್ಟಿ ನೋಡಿದ. ಮಗಳು ತಟ್ಟೆ ನೋಡಿಕೊಂಡು ಉಂಡಳು. ಹುಟ್ಟಿದಾಗ ಅತ್ತ ದನಿ ಕೇಳಿ ಅಜ್ಜಿ ಅವಳನ್ನು ಪಿಟೀಲು ಎಂದು ಕರೆದಿದ್ದಳು. ಶಾಲೆಯ ಹಾಜರಿ ಬಿಟ್ಟರೆ ಅವಳ ನಿಜವಾದ ಹೆಸರು ಎಲ್ಲೂ ಕೇಳಿಸುತ್ತಿರಲಿಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಆ ಭಾಗದ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಕೈಯಲ್ಲೇ ದುರಸ್ತಿಯಾಗುತ್ತಿದ್ದವು. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಲಿಫ್ಟ್ ಚಲಿಸುವುದಿಲ್ಲ. ದೋಷ ಎಲ್ಲಿದೆ ಎಂದು ಹುಡುಕುವಾಗ ಮೆಕ್ಯಾನಿಕ್ ಮೇಲಿನ ಸ್ವಿಚ್ಚುಗಳ ಪೆಟ್ಟಿಗೆಯಲ್ಲಿ ಒಂದು ಗೇಣುದ್ದದ ತಂತಿಯನ್ನು ಅಡ್ಡ ಸಿಕ್ಕಿಸುತ್ತಾನೆ. ತಂತಿ ಇರುವಷ್ಟು ಹೊತ್ತು ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದೇ ಲಿಫ್ಟ್ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ತಂತಿಯನ್ನು ತೆಗೆಯಲೇಬೇಕು. ಮರೆಯದಿರಲು ಅವನು ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದ. ತಾಯಿ ಹೆಣೆಯುವ ಕೆಂಪು ಉಲ್ಲನ್ ದಾರದ ಒಂದು ತುದಿ ತಂತಿಗೆ, ಇನ್ನೊಂದು ತುದಿ ಅವನ ಎಡಗೈ ಮಣಿಕಟ್ಟಿಗೆ. ಮರೆತು ಹೊರಟರೆ ದಾರ ಕೈ ಜಗ್ಗುತ್ತದೆ. ಜೊತೆಯವರು, "ಏನಯ್ಯಾ, ಕರು ಕಟ್ಟಿದ ಹಾಗೆ ಕಟ್ಟಿಕೊಂಡಿದೀಯ," ಎಂದು ನಗುತ್ತಿದ್ದರು. ವರ್ಷಗಟ್ಟಲೆ ದಾರ ಅವನನ್ನು ಕಾಯ್ದಿತ್ತು.

ಆ ದಿನ ಅವನು ಕೆಲಸದ ನಡುವೆ ಮಣಿಕಟ್ಟಿನ ದಾರ ಬಿಚ್ಚಿದ. ಮತ್ತೆ ಕಟ್ಟಿಕೊಳ್ಳದೆ ಪೆಟ್ಟಿಗೆ ಮುಚ್ಚಿ ಹೊರಟುಬಿಟ್ಟ. ಸಂಜೆ ಮೂರನೇ ಮಹಡಿಯಲ್ಲಿ, ಅಲ್ಲೇ ವಾಸವಿದ್ದ ಬೇಕರಿ ಕೆಲಸದ ಹೆಂಗಸೊಬ್ಬಳು ಒಳಗೆ ಕಾಲಿಡುವಾಗ ಲಿಫ್ಟ್ ಬಾಗಿಲು ತೆರೆದಂತೆಯೇ ಮೇಲಕ್ಕೆ ಹೊರಟಿತು. ಅವಳು ಹಿಂದಕ್ಕೆ ಬಿದ್ದು ಉಳಿದುಕೊಂಡಳು. ಕಾಲಿನ ಗಂಟು ಮುರಿಯಿತು. ತನಿಖೆಗೆ ಬಂದವರು ಪೆಟ್ಟಿಗೆ ತೆರೆದಾಗ ಒಳಗೆ ಕೆಂಪು ದಾರ ನೇತಾಡುತ್ತಿತ್ತಂತೆ.

"ದಾರ ಯಾಕೆ ಬಿಚ್ಚಿದೆ?" ಎಂದು ಕೇಳಿದಾಗ, "ಬಿಗಿಯಾಗಿತ್ತು," ಎಂದಷ್ಟೇ ಅವನು ಹೇಳಿದ. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದು ಕಳಿಸಿದರು. ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದ. ಅವನ ತಾಯಿ ಆ ಮಾತು ಕೇಳಿ ಕೈಯಲ್ಲಿದ್ದ ಹೆಣಿಗೆಯ ಕಡ್ಡಿಗಳನ್ನು ಬುಟ್ಟಿಯಲ್ಲಿಟ್ಟು ಮುಚ್ಚಿದಳು. ಮತ್ತೆ ತೆಗೆಯಲಿಲ್ಲ.

ಮೊದಲ ವಾರ ಹೆಂಡತಿ, ಗಂಡ ಬಚ್ಚಲುಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾನೆ ಎಂದುಕೊಂಡಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಬೆಳಗ್ಗೆ ಹೊರಡುವ ಅವಸರದಲ್ಲಿ ಬಾಗಿಲ ಮುಂದೆ ಟವೆಲು ಹಿಡಿದು ಕಾಯುತ್ತಿದ್ದಾಗ ಒಳಗಿನ ದನಿ ಕೇಳಿಸಿತು. ತಗ್ಗಿದ, ಒಂದೇ ಸಮನಾದ ದನಿ.

"ನೀನು ಮನುಷ್ಯನಾ? ಒಂದು ಕೆಲಸ ನೆಟ್ಟಗೆ ಬರಲ್ಲ. ಈ ಕೈ ಕಡಿದು ಹಾಕಬೇಕು."

ಯಾರಿಗೆ ಇಷ್ಟು ಬೈಯುತ್ತಿದ್ದಾನೆ ಎಂದು ಅವಳು ತಿರುಗಿದಳು. ಅವನ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು.

ಅವಳು ಬಾಗಿಲು ತಟ್ಟಿದಳು. ದನಿ ನಿಂತಿತು. ನಲ್ಲಿ ಬಿಟ್ಟ ಸದ್ದು. ಹೊರಗೆ ಬಂದವನು ಎಂದಿನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಯಾರ ಜೊತೆ ಮಾತಾಡ್ತಿದ್ರಿ?"

"ಯಾರೂ ಇಲ್ಲ."

ಅದೇ ನಿಜವೆಂದು ಅವಳಿಗೆ ಗೊತ್ತಿತ್ತು. ಹೆದರಿಕೆಯಾದದ್ದು ಅದಕ್ಕೇ. ಅಂಗಡಿಯಲ್ಲಿ ಆ ದಿನ ಅವಳು ಉಜ್ಜಿದ ಗಾಜನ್ನೇ ಮತ್ತೆ ಉಜ್ಜಿದಳು. ಊಟದ ಬಿಡುವಿನಲ್ಲಿ ಮನೆಗೆ ಫೋನು ಮಾಡಿ, ಬೇರೇನೂ ತೋಚದೆ, "ಅತ್ತೆ, ಅವರು ಎಲ್ಲಿದ್ದಾರೆ?" ಎಂದಳು.

"ಬಚ್ಚಲಲ್ಲಿ."

"ಎಷ್ಟು ಹೊತ್ತಾಯ್ತು?"

"ನಾನೇನು ಗಂಡಸರ ಸ್ನಾನ ಅಳೆಯೋಕೆ ಕೂತಿದೀನಾ?" ಎಂದು ಗದರಿದ ಮುದುಕಿ, ಸ್ವಲ್ಪ ತಡೆದು, ಬೇರೆಯೇ ದನಿಯಲ್ಲಿ ಹೇಳಿದಳು: "ಬಾಗಿಲ ಹತ್ರಾನೇ ಕೂತಿದೀನಿ ಕಣಮ್ಮ. ನೀನು ಕೆಲಸ ನೋಡಿಕೋ."

ಆ ಸಂಜೆ ಅವನು ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಅವಳು ಅವನದೇ ಸ್ಕ್ರೂಡ್ರೈವರು ತೆಗೆದುಕೊಂಡು ಬಚ್ಚಲುಮನೆಯ ಒಳಚಿಲಕ ಬಿಚ್ಚಿದಳು. ಒಂದು ಸ್ಕ್ರೂ ತುಕ್ಕು ಹಿಡಿದಿತ್ತು. ತಿರುಗಿಸುವಾಗ ಅಂಗೈ ತರಚಿತು. ಚಿಲಕವನ್ನು ಹಳೆ ಕಾಲುಚೀಲದಲ್ಲಿ ಸುತ್ತಿ ಬೇಳೆಯ ಡಬ್ಬಿಯ ಹಿಂದೆ ಇಟ್ಟಳು. ಯಾರಾದರೂ ಕೇಳಿದರೆ ಮುರಿಯಿತು ಎನ್ನುವುದೆಂದುಕೊಂಡಳು. ಮೆಕ್ಯಾನಿಕ್ಕನ ಕಣ್ಣಿಗೆ ಬಿಚ್ಚಿದ ಚಿಲಕ ಬೇರೆ, ಮುರಿದ ಚಿಲಕ ಬೇರೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಅವನು ತಾರಸಿಯಿಂದ ಬಂದ. ಬಚ್ಚಲಿಗೆ ಹೋದ. ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಹೊರಗೆ ಬಂದು ಅವಳ ಅಂಗೈ ನೋಡಿದ. ಕಪಾಟಿನಿಂದ ಮುಲಾಮು ತಂದು ಹಚ್ಚಿದ. ಚಿಲಕದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಂದಿನಿಂದ ಮನೆಯಲ್ಲಿ ಬಚ್ಚಲಿಗೆ ಹೋಗುವವರು "ನಾನಿದೀನಿ" ಎಂದು ಕೂಗಿ ಹೇಳಿ ಹೋಗತೊಡಗಿದರು. ಅವನೊಬ್ಬ ಕೂಗುತ್ತಿರಲಿಲ್ಲ.

ಎರಡನೆಯ ವಾರಕ್ಕೆ ಅತ್ತೆ ಸೊಸೆಯರಿಗೆ ಜಗಳ ಹತ್ತಿತು. ಮುದುಕಿಯೂ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು.

"ಒಬ್ಬರು ಉಪವಾಸ ಇರೋದು ಸಾಲದು ಅಂತ ನೀವೂ ಶುರು ಮಾಡಿದ್ರಾ? ನಾನು ಯಾರಿಗೆ ಅಂತ ಬೇಯಿಸಲಿ?"

"ನನಗೆ ಹಸಿವಿಲ್ಲ. ಹಲ್ಲು ನೋವು."

"ಹಲ್ಲೇ ಇಲ್ಲ ನಿಮಗೆ, ನೋವೆಲ್ಲಿಂದ ಬಂತು?"

"ಇಲ್ಲದ್ದೇ ನೋಯೋದು ಕಣೆ, ಇದ್ದದ್ದು ನೋಯಲ್ಲ."

ಸೊಸೆ ಸೌಟನ್ನು ಪಾತ್ರೆಗೆ ಬಡಿದಳು. ಸದ್ದಿಗೆ ಒಳಕೋಣೆಯಲ್ಲಿ ಅವನು ಎದ್ದು ನಿಂತದ್ದು ಇಬ್ಬರಿಗೂ ಕೇಳಿಸಿತು. ಜಗಳ ಅಲ್ಲಿಗೇ ನಿಂತಿತು.

ಬೇಕರಿಯ ಹೆಂಗಸನ್ನು ನೋಡಿ ಬರೋಣ ಎಂದವಳು ಹೆಂಡತಿ. ನೋಡಿದರೆ ಅವನಿಗೆ ಸಮಾಧಾನವಾದೀತು ಎಂದು ಅವಳ ಲೆಕ್ಕ. ಆಕೆಯ ಕಟ್ಟಡದಲ್ಲಿ ಅವನು ಲಿಫ್ಟ್ ಹತ್ತಲಿಲ್ಲ. ಸ್ವಂತ ಮನೆಯ ನಾಲ್ಕು ಮಹಡಿಯನ್ನೂ ಈಗ ಮೆಟ್ಟಿಲಲ್ಲೇ ಹತ್ತುತ್ತಿದ್ದ. ಮೂರನೇ ಮಹಡಿಯ ಬಾಗಿಲು ತೆರೆದೇ ಇತ್ತು. ಆಕೆ ದಿಂಬಿನ ಮೇಲೆ ಕಟ್ಟು ಹಾಕಿದ ಕಾಲಿಟ್ಟುಕೊಂಡು ಮೊಣಕೈ ತನಕ ಹಿಟ್ಟಾಗಿ ಕೂತಿದ್ದಳು. ನಿಂತು ಮಾಡುವ ಕೆಲಸ ಹೋಗಿ, ಕೂತು ಮಾಡುವಷ್ಟನ್ನು ಬೇಕರಿಯವರು ಮನೆಗೇ ಕಳಿಸಿದ್ದರು.

ಅವನು ಕೂರಲಿಲ್ಲ. "ನಾನು ಮನುಷ್ಯನೇ ಅಲ್ಲ," ಎಂದು ಶುರುಮಾಡಿದ. "ನನ್ನಂಥವನು ಇರಬಾರದು. ನಿಮಗೆ ಮುಖ ತೋರಿಸೋ ಯೋಗ್ಯತೆ ನನಗಿಲ್ಲ. ನನ್ನ ಈ ಕೈ..."

"ನಿಲ್ಲಿಸು," ಎಂದಳು ಆಕೆ.

ಅವನು ನಿಲ್ಲಿಸಿದ.

"ನಿನಗೆ ಬೈಯೋಕೆ ಅಂತ ಎಷ್ಟು ಮಾತು ಕೂಡಿಟ್ಟಿದ್ದೆ ಗೊತ್ತಾ? ಎಲ್ಲ ನೀನೇ ಬೈಕೊಂಡ್ರೆ ನನಗೇನು ಉಳೀತು? ಈಗ ಕಾಲು ಮುರಿದವಳೂ ನಾನೇ, ನಿನ್ನ ಸಮಾಧಾನ ಮಾಡೋಳೂ ನಾನೇನಾ?" ಆಕೆ ಹಿಟ್ಟಿನ ಉಂಡೆಯನ್ನು ಹಲಗೆಗೆ ಕುಕ್ಕಿದಳು. "ನನಗೆ ಸಿಟ್ಟಿದೆ. ಬೇಕಾದಷ್ಟಿದೆ. ಅದು ನನ್ನದು, ಅದಕ್ಕೆ ಕೈ ಹಾಕಬೇಡ. ಕಾಲು ಕೂಡಿದ ಮೇಲೆ ನಾನು ಮತ್ತೆ ಅದೇ ಲಿಫ್ಟ್ ಹತ್ತಬೇಕು. ಅದನ್ನ ನೋಡೋನು ಹೀಗೆ ಗಡಗಡ ನಡುಗ್ತಾ ಇದ್ರೆ ನಾನು ಹತ್ತೋದು ಹೇಗೆ, ಹೇಳು?"

ಮೆಟ್ಟಿಲು ಇಳಿಯುವಾಗ ಹೆಂಡತಿ ಅವನ ಹಿಂದೆಯೇ, ಅಂಗಿಯ ತುದಿ ಹಿಡಿಯುವಷ್ಟು ಹತ್ತಿರದಲ್ಲಿ ಇಳಿದಳು. ಅವನು ಪ್ರತಿ ಮಹಡಿಯಲ್ಲೂ ಲಿಫ್ಟಿನ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದ. ನಿಂತಾಗಲೆಲ್ಲ ಅವಳು ಆ ತುದಿ ಹಿಡಿದುಕೊಳ್ಳುತ್ತಿದ್ದಳು.

ಮೂರನೆಯ ವಾರ ಅವನ ಜೊತೆಗಾರ ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದ ಆಳು, ಎಲ್ಲರಿಗೂ ಉದ್ದಣ್ಣ. ವಿಚಾರಣೆ ಮುಗಿದಿತ್ತು. ತಪ್ಪು ಇವನದೇ ಎಂದು ಬರೆದಿದ್ದರು. ಎಚ್ಚರಿಕೆ ಕೊಟ್ಟು, ಕೆಲವು ತಿಂಗಳು ಇನ್ನೊಬ್ಬರ ಜೊತೆಗೇ ಕೆಲಸ ಮಾಡಬೇಕು ಎಂಬ ಕರಾರಿನ ಮೇಲೆ ಬರಲು ಹೇಳಿದ್ದರು.

"ಇನ್ನೊಬ್ಬ ಅಂದ್ರೆ ನಾನೇ," ಎಂದ ಉದ್ದಣ್ಣ. "ಸೋಮವಾರದಿಂದ ಬಾ."

"ನನ್ನ ಕೈಲಿ ಆಗಲ್ಲ. ಯಾರನ್ನಾದ್ರೂ ಕೊಂದೇಬಿಡ್ತೀನಿ."

ಚಹಾ ಲೋಟ ಹಿಡಿದ ತಾಯಿ, ಹೆಂಡತಿ, ಮಗಳು ಮೂವರೂ ಅಲ್ಲಲ್ಲೇ ನಿಂತರು.

"ಅಣ್ಣಾ, ನಾನು ಹೊಸದಾಗಿ ಸೇರಿದಾಗ ಮೇಲಿಂದ ದೊಡ್ಡ ಸ್ಪ್ಯಾನರು ಬೀಳಿಸಿದ್ದೆ. ಕೆಳಗೆ ನೀನೇ ಇದ್ದೆ. ಒಂದು ಅಂಗುಲ ಆಚೆ ಬಿದ್ದಿದ್ರೆ ಇವತ್ತು ನಿನ್ನ ಫೋಟೋಗೆ ನಮಸ್ಕಾರ ಮಾಡ್ಕೊಂಡು ಚಹಾ ಕುಡಿಯಬೇಕಿತ್ತು. ನೀನು ಮೇಲೆ ಬಂದು ಏನು ಮಾಡಿದೆ?"

ಅವನು ಎಡಗೈ ಮಣಿಕಟ್ಟು ಉಜ್ಜಿಕೊಂಡ.

"ಬಾಟಲಿ ಕೊಟ್ಟು, ಕೂತ್ಕೋ, ಮೊದಲು ನೀರು ಕುಡಿ, ಮಾತು ಆಮೇಲೆ ಅಂದೆ. ಆಮೇಲೆ ಬೈದೆ ಬಿಡು, ಏಳು ಜನ್ಮಕ್ಕಾಗುವಷ್ಟು! ಆದ್ರೆ ಮೊದಲು ನೀರು. ಈಗ ನಾವೆಲ್ಲ ಹಾಗೇ ಮಾಡೋದು. ಅದು ನಿನ್ನದೇ ಪಾಠ."

"ಅದು ಬೇರೆ. ನೀನು ಬೇರೆ."

"ಹೇಗೆ ಬೇರೆ? ನಾನು ಸ್ವಲ್ಪ ಉದ್ದ, ಅಷ್ಟೇ."

ಯಾರೂ ನಗಲಿಲ್ಲ. ಅವನು ಎದ್ದು ಬಚ್ಚಲಿಗೆ ಹೋದ. ಹಾಲಿನಲ್ಲಿ ಕೂತವರಿಗೆಲ್ಲ ಆ ತಗ್ಗಿದ ದನಿ ಕೇಳಿಸಿತು. ಉದ್ದಣ್ಣ ತಲೆ ಎತ್ತಿ ಜೊತೆಗಾರನ ಹೆಂಡತಿಯ ಮುಖ ನೋಡಿದ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅದಾಗಿ ಎರಡು ದಿನಕ್ಕೆ, ಸಂಜೆಯ ಊಟದ ಹೊತ್ತಿಗೆ ಪಿಟೀಲು ಬೇಳೆಯ ಪಾತ್ರೆ ಬೀಳಿಸಿದಳು. ಅಡುಗೆಮನೆಯಿಂದ ಮೇಜಿಗೆ ತರುತ್ತಿದ್ದಳು. ಬಿಸಿಯಿತ್ತು, ಬಟ್ಟೆ ಜಾರಿತು. ನೆಲದ ತುಂಬ ಹಳದಿ. ಅಜ್ಜಿ, "ಸುಟ್ಟಿತೇನೇ?" ಎಂದು ಕೂಗುವಷ್ಟರಲ್ಲಿ ಹುಡುಗಿ ಬಿಳಿಚಿಕೊಂಡು ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಳು.

ಹುಡುಗಿಯ ತಾಯಿ ನೆಲ ಒರೆಸುವ ಬಟ್ಟೆ ಹಿಡಿದು ಬಗ್ಗಿದ್ದಳು. ಅವನು ಸಿಂಕಿನ ಮುಂದೆ ನಿಂತು ತಣ್ಣನೆಯ ಅನ್ನ ನುಂಗುತ್ತಿದ್ದ. ಆಗ ಕೇಳಿಸಿತು. ಒಂದೇ ಸಮನಾದ, ತಗ್ಗಿದ, ತೆಳ್ಳನೆಯ ದನಿ.

"ನೀನು ಮನುಷ್ಯಳಾ? ಒಂದು ಕೆಲಸ ನೆಟ್ಟಗೆ ಬರಲ್ಲ. ಈ ಕೈ ಕಡಿದು ಹಾಕಬೇಕು."

ಮಾತಿನ ನಡುನಡುವೆ ಏನೋ ಬಡಿಯುವ ಸದ್ದು.

ಅವನ ಕೈಯಿಂದ ತಟ್ಟೆ ಸಿಂಕಿಗೆ ಬಿತ್ತು. ಅವನು ಬೇಳೆಯ ಮೇಲೆಯೇ ಓಡಿದ. ತಳ್ಳಿದ ಕೂಡಲೇ ಬಾಗಿಲು ತೆರೆಯಿತು. ಪಿಟೀಲು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತ, ಬಲಗೈ ಮಣಿಕಟ್ಟನ್ನು ಬೇಸಿನ್ನಿನ ಅಂಚಿಗೆ ಬಡಿಯುತ್ತಿದ್ದಳು. ಕೈ ಕೆಂಪಾಗಿತ್ತು. ಅಳುತ್ತಿರಲಿಲ್ಲ.

ಅವನು ಆ ಕೈ ಹಿಡಿದುಕೊಂಡ. ಬಕೆಟ್ಟು ಬೋರಲು ಹಾಕಿ ಅವಳನ್ನು ಕೂರಿಸಿದ. ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದ. ಅದನ್ನು ಯೋಚಿಸಿ ಮಾಡಿದಂತೆ ಕಾಣಲಿಲ್ಲ. ಕಾಲು ತಾನಾಗಿ ಹೋಗಿ ಬಂದಂತಿತ್ತು.

"ಕುಡಿ. ಮಾತು ಆಮೇಲೆ."

ಅವಳು ಕುಡಿದಳು. "ಬೈಯಲ್ವಾ ಅಪ್ಪ?"

"ಇಲ್ಲ."

"ನಾನು ಚೆಲ್ಲಿದೆನಲ್ಲ?"

"ಚೆಲ್ಲಿದೆ. ಒರೆಸೋಣ. ಬಿಸಿ ಪಾತ್ರೆಗೆ ದಪ್ಪ ಬಟ್ಟೆ ಹಿಡೀಬೇಕು, ನಾಳೆ ತೋರಿಸ್ತೀನಿ. ಬೈದ್ರೆ ಏನಾಗುತ್ತೆ ಗೊತ್ತಾ? ಕೈ ನಡುಗುತ್ತೆ. ನಡುಗೋ ಕೈಲಿ ಇನ್ನೊಂದು ಬೀಳುತ್ತೆ."

ಹುಡುಗಿ ಅವನ ಮುಖ ನೋಡಿದಳು. "ಮತ್ತೆ ನೀನು ದಿನಾ ಬೈಕೋತೀಯಲ್ಲ? ನಿನ್ನ ಕೈ ನಡುಗಲ್ವಾ?"

ಅವನು ತನ್ನ ಕೈ ನೋಡಿದ. ಖಾಲಿ ಲೋಟ ಹಿಡಿದಿದ್ದ ಕೈ. ಲೋಟದ ತಳದಲ್ಲಿ ಉಳಿದಿದ್ದ ತೊಟ್ಟು ನೀರು ನಿಲ್ಲದೆ ಅಲುಗುತ್ತಿತ್ತು.

ಬಾಗಿಲಲ್ಲಿ ಅವನ ಹೆಂಡತಿ, ಅವಳ ಹಿಂದೆ ತಾಯಿ. ನಲ್ಲಿ ತೊಟ್ಟಿಕ್ಕುತ್ತಿತ್ತು. ಕೊನೆಗೆ ಬಾಯಿ ತೆರೆದವಳು ಮುದುಕಿ.

"ಅವತ್ತು ಫೋನ್ ಮಾಡಿದ್ದು ನಾನು ಕಣೇ," ಎಂದು ಸೊಸೆಗೆ ಹೇಳಿದಳು. "ಅಡುಗೆಮನೆ ನಲ್ಲಿ ಕಿತ್ತು ಬಂದು ನೀರು ನುಗ್ಗಿತ್ತು. ಹೆದರಿಕೊಂಡು ಕೂಗಾಡಿದೆ. ಅವನು ಫೋನ್ ಎತ್ತೋಕೆ ದಾರ ಬಿಚ್ಚಿದ, ನನ್ನ ಕೂಗಾಟಕ್ಕೆ ಓಡಿ ಬಂದ. ಬಿಗಿಯಾಗಿತ್ತಂತೆ! ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಾನೆ. ಅವಳ ಕಾಲು ಮುರಿದವಳು ನಾನು."

"ಅಮ್ಮಾ," ಎಂದ ಅವನು ತಟ್ಟನೆ, "ಏನು ಮಾತಾಡ್ತೀಯ? ನಲ್ಲಿ ಕಿತ್ತು ಬಂದ್ರೆ ಮಗನಿಗೆ ಫೋನ್ ಮಾಡದೆ ಇನ್ಯಾರಿಗೆ ಮಾಡ್ತೀಯ? ನಾನು ಎಲ್ಲಿದ್ದೆ, ಏನು ಮಾಡ್ತಿದ್ದೆ ಅಂತ ನಿನಗೇನು ಗೊತ್ತು? ತಂತಿ ತೆಗೆಯೋದು ನನ್ನ ಕೆಲಸ. ನಿನ್ನದೇನೂ ಇಲ್ಲ. ಕೂತ್ಕೋ, ನೀರು ಕುಡಿ."

"ಎಷ್ಟು ಬೇಗ ಬಿಟ್ಟುಬಿಟ್ಟೆಯೋ ನನ್ನನ್ನ!" ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಈ ಹುಡುಗಿಯನ್ನೂ ಬಿಟ್ಟೆ. ನಿನ್ನ ನ್ಯಾಯದಲ್ಲಿ ಎಲ್ಲರಿಗೂ ಒಂದು ಲೋಟ ನೀರುಂಟು, ನಿನಗೊಬ್ಬನಿಗೆ ಇಲ್ಲವಾ?"

ಅವನು ಬಕೆಟ್ಟಿನ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತುಬಿಟ್ಟ. ಪಿಟೀಲು ಅವನ ಕೈಯಿಂದ ಲೋಟ ಬಿಡಿಸಿಕೊಂಡು ಬೇಸಿನ್ನಿನ ನಲ್ಲಿಯಲ್ಲೇ ತುಂಬಿಸಿದಳು. ಎರಡು ಕೈಯಲ್ಲೂ ಹಿಡಿದು ಕೊಟ್ಟಳು. ಅವನು ಕುಡಿದ. ಅರ್ಧ ಅಂಗಿಯ ಮೇಲೆ ಚೆಲ್ಲಿತು.

"ಇನ್ನು ಎಲ್ಲರೂ ಬಚ್ಚಲಲ್ಲೇ ಊಟ ಮಾಡೋಣ ಅಂತಲಾ?" ಎಂದಳು ಹೆಂಡತಿ. "ಬೇಳೆ ಒಣಗಿ ನೆಲಕ್ಕೆ ಅಂಟ್ಕೊಳ್ತಿದೆ."

ನಾಲ್ವರೂ ಸೇರಿ ನೆಲ ಒರೆಸಿದರು. ಬೇಳೆಯಿಲ್ಲದ ಅನ್ನಕ್ಕೆ ಮೊಟ್ಟೆ ಬೇಯಿಸಿಕೊಂಡರು. ಅವನು ಮೇಜಿನ ಮುಂದೆ ಕೂತ. ಉಪ್ಪಿನ ಡಬ್ಬಿಯನ್ನು ಅವನ ಹತ್ತಿರ ಸರಿಸಿದವರು ಯಾರೆಂದು ಯಾರೂ ಗಮನಿಸಲಿಲ್ಲ. ಅವನು ಚಿಟಿಕೆ ಉಪ್ಪು ಹಾಕಿಕೊಂಡ. ಊಟವಾದ ಮೇಲೆ ಗ್ಯಾಸಿನ ಗುಬುಟು ನೋಡಲು ಎದ್ದ. ನೋಡಿದ. ಮತ್ತೆ ನೋಡಿದ. ಹೆಂಡತಿ ಎಣಿಸುತ್ತಿದ್ದಳು; ಮೊದಲಿಗಿಂತ ಕಡಿಮೆಯಾಗಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಬೆಳಗ್ಗೆ ಮುದುಕಿ ಹೆಣಿಗೆಯ ಬುಟ್ಟಿ ತೆರೆದು ಕೆಂಪು ದಾರ ತೆಗೆದಳು. ಮೊದಲಿನದಕ್ಕಿಂತ ಉದ್ದವಾಗಿ ಕತ್ತರಿಸಿ, ಎರಡೆಳೆ ಹೊಸೆದು, ಮಗನ ಊಟದ ಡಬ್ಬಿಯ ಮೇಲಿಟ್ಟಳು.

"ಜೇಬಿಗೆ ಕೈ ಹಾಕೋಷ್ಟು ಉದ್ದ ಇದೆ. ಫೋನ್ ಬಂದ್ರೂ ಬಿಚ್ಚಬೇಡ. ನಾನು ಸತ್ತೆ ಅಂತ ಫೋನ್ ಬಂದ್ರೂ ತಂತಿ ತೆಗೆದೇ ಬಾ. ನಾನೆಲ್ಲಿಗೂ ಓಡಿಹೋಗಲ್ಲ."

ಅವನು ಬಚ್ಚಲಿನಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಹೆಂಡತಿ ಅಂಗಡಿಗೆ ಹೊರಡಲು ತಯಾರಾಗಿ, ಚಪ್ಪಲಿ ಹಾಕಿಕೊಂಡೇ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ದನಿ ಶುರುವಾಯಿತು.

"ನೀನು ಮನುಷ್ಯ..."

ಅವಳ ಕೈ ಬಾಗಿಲ ಮೇಲೆ ಹೋಯಿತು.

ದನಿ ನಿಂತಿತು. ಮುಂದಿನ ಮಾತಿಗಾಗಿ ಅವಳು ಕಾದಳು. ಬರಲಿಲ್ಲ. ಬಾಗಿಲು ತೆರೆಯಿತು. ಅರ್ಧ ಮುಖಕ್ಕೆ ನೊರೆ, ಅರ್ಧ ಬೋಳು. ಅವನು ಅವಳನ್ನು ದಾಟಿ ಅಡುಗೆಮನೆಗೆ ಹೋದ. ಲೋಟ ತುಂಬಿಸಿದ. ಮೇಜಿನ ಮುಂದೆ ಕುರ್ಚಿ ಎಳೆದು ಕೂತ. ಯಾರೋ ಹೇಳಿ ಕೂರಿಸಿದವನ ಹಾಗೆ ನಿಧಾನವಾಗಿ, ಕೊನೆಯ ಗುಟುಕಿನ ತನಕ ನೀರು ಕುಡಿದ. ಕೈ ನಡುಗುತ್ತಲೇ ಇತ್ತು. ಲೋಟ ಕೆಳಗಿಟ್ಟಾಗ ಟಕ್ಕೆಂದು ಸದ್ದಾಯಿತು. ಯಾರೂ ಬೆಚ್ಚಲಿಲ್ಲ, ಅಥವಾ ಬೆಚ್ಚಿದ್ದನ್ನು ತೋರಿಸಲಿಲ್ಲ.

"ಚಿಲಕ ಎಲ್ಲಿಟ್ಟಿದೀಯ?" ಎಂದ ಅವನು.

ಅವಳು ಅಡುಗೆಮನೆಯ ಕಡೆ ತಿರುಗಿದಳು. "ಬೇಳೆ ಡಬ್ಬಿ ಹಿಂದೆ. ಬೇಕಾ?"

ಅವನು ಬಚ್ಚಲಿನ ಬಾಗಿಲ ಕಡೆ, ಅಲ್ಲಿ ಉಳಿದಿದ್ದ ಖಾಲಿ ತೂತುಗಳ ಕಡೆ ನೋಡಿದ. ಮೀಸೆಯ ಮೇಲಿನ ನೊರೆಯನ್ನು ಕೈಯಿಂದ ಒರೆಸಿಕೊಂಡ.

"ಬೇಡ," ಎಂದ. "ಇನ್ನೂ ಸ್ವಲ್ಪ ದಿನ ಹೀಗೇ ಇರಲಿ."

ಮತ್ತೆ ಒಳಗೆ ಹೋಗುವಾಗ, ಇಷ್ಟು ವಾರಗಳಲ್ಲಿ ಮೊದಲ ಸಲ, ಮನೆಯವರಿಗೆಲ್ಲ ಕೇಳುವಂತೆ ಕೂಗಿ ಹೇಳಿದ:

"ನಾನಿದೀನಿ."